ಹದಿನಾಲ್ಕರ ಹುಡುಗನ ಬೆನ್ನು, ಯಾರೂ ಇಡದ ಲೆಕ್ಕ

2024ರ ಜನವರಿಯಲ್ಲಿ ಶಿವಮೊಗ್ಗದ ನವುಲೆ ಮೈದಾನದಲ್ಲಿ ಕೂಚ್ ಬೆಹಾರ್ ಟ್ರೋಫಿಯ ಫೈನಲ್ ನಡೆಯಿತು. 19 ವರ್ಷದೊಳಗಿನ ಹುಡುಗರ ಪಂದ್ಯ. ಮುಂಬೈ ವಿರುದ್ಧ ಕರ್ನಾಟಕದ ಪ್ರಖರ್ ಚತುರ್ವೇದಿ ಔಟಾಗದೆ 404 ರನ್ ಹೊಡೆದರು. ತಂಡದ ಮೊತ್ತ 8 ವಿಕೆಟ್‌ಗೆ 890. ಆ ಟ್ರೋಫಿ ಮೊದಲ ಸಲ ನಮ್ಮ ರಾಜ್ಯಕ್ಕೆ ಬಂತು. ಎಲ್ಲರಿಗೂ ಖುಷಿಯಾಯಿತು, ಆಗಬೇಕಾದ್ದೇ. ಆದರೆ ಆ ಸ್ಕೋರ್‌ಕಾರ್ಡನ್ನು ಇನ್ನೊಂದು ಕಡೆಯಿಂದ ಓದಿ ನೋಡಿ. ಪ್ರಖರ್ ಒಬ್ಬರೇ ಎದುರಿಸಿದ್ದು 638 ಎಸೆತ, ಅಂದರೆ 106 ಓವರ್. ಇಡೀ ಇನಿಂಗ್ಸ್ 200 ಓವರ್ ದಾಟಿತು. ಅಷ್ಟನ್ನೂ ಎಸೆದವರು ಕೂಡ ಹದಿಹರೆಯದ ಹುಡುಗರೇ. ಅವರ ಬೆನ್ನು, ಸೊಂಟ, ಮಂಡಿ ಮುಂದಿನ ತಿಂಗಳು ಹೇಗಿದ್ದವು ಎಂದು ಯಾರೂ ಕೇಳಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ.

ವೇಗದ ಬೌಲರ್‌ಗಳ ದಣಿವಿನ ಬಗ್ಗೆ ನಾವು ಮಾತಾಡುವುದೇ ಇಲ್ಲ ಎಂದಲ್ಲ. ಜಾಸ್ತಿಯೇ ಮಾತಾಡುತ್ತೇವೆ, ಆದರೆ ದೊಡ್ಡವರ ವಿಷಯದಲ್ಲಿ ಮಾತ್ರ. 2025ರ ಇಂಗ್ಲೆಂಡ್ ಪ್ರವಾಸದಲ್ಲಿ ಜಸ್‌ಪ್ರೀತ್ ಬುಮ್ರಾ ಐದರಲ್ಲಿ ಮೂರೇ ಟೆಸ್ಟ್ ಆಡಿದರು. ಮೊಹಮ್ಮದ್ ಸಿರಾಜ್ ಐದೂ ಆಡಿದರು, 185 ಓವರ್‌ಗೂ ಹೆಚ್ಚು ಎಸೆದರು, 23 ವಿಕೆಟ್ ತೆಗೆದರು, ಓವಲ್‌ನಲ್ಲಿ ಪಂದ್ಯವನ್ನೂ ಗೆಲ್ಲಿಸಿಕೊಟ್ಟರು. ಶುರುವಾಯಿತು ನೋಡಿ ಚರ್ಚೆ! ವರ್ಕ್‌ಲೋಡ್ (ಬೌಲರ್ ಹೊರುವ ಭಾರದ ಲೆಕ್ಕ) ಎಂಬ ಮಾತೇ ಭಾರತದ ಕ್ರಿಕೆಟ್‌ನಿಂದ ಹೋಗಲಿ ಎಂಬರ್ಥದಲ್ಲಿ ಸುನಿಲ್ ಗವಾಸ್ಕರ್ ಹೇಳಿದರು. ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲೂ ಅದೇ ರಾಗ. ಕಪಿಲ್ ದೇವ್ 131 ಟೆಸ್ಟ್ ಆಡಿದರು, ಗಾಯ ಅಂತ ಒಂದು ಟೆಸ್ಟೂ ತಪ್ಪಿಸಿಕೊಳ್ಳಲಿಲ್ಲ, ಈಗಿನವರಿಗೇನು ರೋಗ?

ಕಪಿಲ್ ವಿಷಯ ನಿಜವೇ. ಆದರೆ ಕಪಿಲ್ ನಮಗೆ ಕಾಣುತ್ತಾರೆ. ಅದೇ ಕಾಲದಲ್ಲಿ ಹದಿನಾರಕ್ಕೇ ಬೆನ್ನು ಕೆಡಿಸಿಕೊಂಡು ಮನೆ ಸೇರಿದವರು ಕಾಣುವುದಿಲ್ಲ. ಆಗ ಊರೂರಿಗೆ ಎಂಆರ್‌ಐ ಇರಲಿಲ್ಲ. 'ಸೊಂಟ ಹಿಡಿದಿದೆ' ಎಂಬಲ್ಲಿಗೆ ಕಥೆ ಮುಗಿಯುತ್ತಿತ್ತು. ಇದು ಹೊಸ ಕಾಯಿಲೆಯೂ ಅಲ್ಲ. ಆಸ್ಟ್ರೇಲಿಯಾದ ವೇಗದ ಬೌಲರ್ ಡೆನಿಸ್ ಲಿಲ್ಲಿಯಂಥ ಗಟ್ಟಿ ಆಳಿಗೇ 1973ರಲ್ಲಿ ಬೆನ್ನುಮೂಳೆಯಲ್ಲಿ ಬಿರುಕು ಬಿಟ್ಟಿತ್ತು. ಅದೇ ದೇಶದ ಪ್ಯಾಟ್ ಕಮಿನ್ಸ್ 2011ರ ನವೆಂಬರ್‌ನಲ್ಲಿ 18ನೇ ವಯಸ್ಸಿಗೆ ಜೊಹಾನ್ಸ್‌ಬರ್ಗ್‌ನಲ್ಲಿ ಮೊದಲ ಟೆಸ್ಟ್ ಆಡಿ ಪಂದ್ಯಶ್ರೇಷ್ಠರಾದರು. ಅವರ ಎರಡನೇ ಟೆಸ್ಟ್ ಯಾವಾಗ ಗೊತ್ತೆ? 2017ರ ಮಾರ್ಚ್, ರಾಂಚಿಯಲ್ಲಿ. ನಡುವಿನ ಐದು ವರ್ಷಗಳಲ್ಲಿ ದೊಡ್ಡ ಪಾಲು ಬೆನ್ನುಮೂಳೆಯ ಬಿರುಕಿಗೇ ಹೋಯಿತು. ಬುಮ್ರಾಗೆ 2019ರಲ್ಲಿ ಬೆನ್ನು ಕೈಕೊಟ್ಟಿತು, 2022ರಲ್ಲಿ ಮತ್ತೆ ಕೈಕೊಟ್ಟಿತು, 2023ರಲ್ಲಿ ನ್ಯೂಜಿಲೆಂಡ್‌ನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ನಮ್ಮ ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ಕೂಡ ಸೊಂಟದ ಮೂಳೆಯ ಬಿರುಕಿನಿಂದ ತಿಂಗಳುಗಟ್ಟಲೆ ಹೊರಗಿದ್ದರು. ಇಬ್ಬರೂ ವಾಪಸ್ ಬಂದಿದ್ದು 2023ರ ಆಗಸ್ಟ್‌ನ ಒಂದೇ ಐರ್ಲೆಂಡ್ ಪ್ರವಾಸದಲ್ಲಿ.

ಇವರೆಲ್ಲ ದೊಡ್ಡವರಾದ ಮೇಲೆ ಸುದ್ದಿಯಾದವರು. ಇದೇ ಗಾಯ ಅತಿ ಹೆಚ್ಚು ಕಾಡುವುದು ಹದಿಮೂರು, ಹದಿನಾಲ್ಕರಿಂದ ಇಪ್ಪತ್ತರ ಆಸುಪಾಸಿನವರೆಗಿನ ಹುಡುಗರನ್ನು. ಅವರಲ್ಲಿ ಹೆಚ್ಚಿನವರ ಸುದ್ದಿ ಮನೆಯ ಬಾಗಿಲು ದಾಟುವುದಿಲ್ಲ.

ಬೆನ್ನಿನಲ್ಲಿ ಆಗುವುದಾದರೂ ಏನು? ಬೌಲರ್ ಓಡಿ ಬಂದು ಮುಂಗಾಲು ಊರುತ್ತಾನೆ. ಆ ಕ್ಷಣದಲ್ಲಿ ನೆಲ ಅವನ ದೇಹವನ್ನು ಮೈತೂಕದ ಐದು ಪಟ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಬಲದಿಂದ ತಿರುಗಿ ಒದೆಯುತ್ತದೆ. 50 ಕೆಜಿ ತೂಕದ ಹುಡುಗ ಎಂದರೆ ಅರ್ಧ ಕ್ವಿಂಟಲ್ ಅಲ್ಲ, ಎರಡೂವರೆ ಕ್ವಿಂಟಲ್! ಅದೇ ಹೊತ್ತಿಗೆ ಅವನ ಬೆನ್ನು ಮೂರು ಕೆಲಸ ಮಾಡುತ್ತಿರುತ್ತದೆ. ಹಿಂದಕ್ಕೆ ಬಾಗಿರುತ್ತದೆ, ಪಕ್ಕಕ್ಕೆ ವಾಲಿರುತ್ತದೆ, ತಿರುಚಿಕೊಂಡೂ ಇರುತ್ತದೆ. ಕೆಳಬೆನ್ನಿನ ಕೊನೆಯ ಎರಡು ಮೂಳೆಗಳ ಹಿಂಭಾಗದಲ್ಲಿ ಸಣ್ಣ ಸೇತುವೆಯ ಹಾಗೆ ಒಂದು ತೆಳು ಭಾಗ ಇದೆ. ಪೆಟ್ಟೆಲ್ಲ ಅಲ್ಲಿಗೇ. ಬಲಗೈ ಬೌಲರ್‌ಗೆ ಬಿರುಕು ಬೀಳುವುದು ಸಾಮಾನ್ಯವಾಗಿ ಎಡಗಡೆ, ಎಡಗೈ ಬೌಲರ್‌ಗೆ ಬಲಗಡೆ. ಸೊಂಟ ಒಂದು ದಿಕ್ಕಿಗೆ, ಭುಜ ಇನ್ನೊಂದು ದಿಕ್ಕಿಗೆ ನೋಡುವ 'ಮಿಕ್ಸ್ಡ್ ಆ್ಯಕ್ಷನ್' ಇದ್ದರೆ ಅಪಾಯ ಇನ್ನೂ ಹೆಚ್ಚು. ಒಳ್ಳೆಯ ಕೋಚ್ ಮೊದಲು ಕಣ್ಣಿಡುವುದು ಅದರ ಮೇಲೇ.

ಇದಕ್ಕೆ ಬೆಳವಣಿಗೆಯನ್ನೂ ಸೇರಿಸಿ. ಹುಡುಗರು ಅತಿ ವೇಗವಾಗಿ ಎತ್ತರವಾಗುವುದು ಸುಮಾರು ಹದಿನಾಲ್ಕರ ಹೊತ್ತಿಗೆ. ಆ ಒಂದು ವರ್ಷದಲ್ಲಿ 9, 10 ಸೆಂಟಿಮೀಟರ್ ಬೆಳೆಯುವುದು ಮಾಮೂಲು. ಜೂನ್‌ನಲ್ಲಿ ಹೊಲಿಸಿದ ಪ್ಯಾಂಟ್ ಡಿಸೆಂಬರ್‌ಗೆ ಗಿಡ್ಡವಾಗುವ ಕಾಲ ಅದು. ಮೂಳೆ ಮೊದಲು ಉದ್ದವಾಗುತ್ತದೆ. ಅದರೊಳಗೆ ಸುಣ್ಣದ ಅಂಶ ತುಂಬಿ ಗಟ್ಟಿಯಾಗುವುದು ಹಲವು ತಿಂಗಳು ತಡವಾಗಿ. ಅಂದರೆ ಹುಡುಗ ಎತ್ತರವಾಗಿ, ಬಲವಾಗಿ ಕಾಣಿಸುವ ಹೊತ್ತಿನಲ್ಲೇ ಅವನ ಮೂಳೆ ತಾತ್ಕಾಲಿಕವಾಗಿ ಹಿಂದೆ ಬಿದ್ದಿರುತ್ತದೆ. ಕೈಕಾಲು ಉದ್ದವಾಗಿ ಹಳೆಯ ಆ್ಯಕ್ಷನ್ ಹದ ತಪ್ಪುತ್ತದೆ. ಮಂಡಿ ಕೆಳಗಿನ ಗಂಟಿನಲ್ಲಿ, ಹಿಮ್ಮಡಿಯಲ್ಲಿ ನೋವು ಬರುತ್ತದೆ. ಕೆಳಬೆನ್ನಿನ ಮೂಳೆ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆಯೇ.

ವಿಚಿತ್ರ ಏನೆಂದರೆ, ನಾವು ಹುಡುಗನಿಗೆ ಹೊಸ ಚೆಂಡು ಕೊಟ್ಟು 'ಇನ್ನೂ ಜೋರಾಗಿ ಹಾಕು' ಎನ್ನುವುದು ಸರಿಯಾಗಿ ಈ ಕಾಲದಲ್ಲೇ. ದಿಢೀರ್ ಎತ್ತರವಾದ ಹುಡುಗ ತಾನೇ ವೇಗವಾಗಿ ಎಸೆಯುವುದು?

ಹಾಗಾದರೆ ಬೌಲಿಂಗ್ ಕಡಿಮೆ ಮಾಡಿಸಿದರೆ ಆಯಿತಲ್ವಾ? ಇಲ್ಲ. ಇಲ್ಲೇ ಬಹಳ ಜನ ಎಡವುವುದು. ವರ್ಷಗಟ್ಟಲೆ ವೇಗದ ಬೌಲಿಂಗ್ ಮಾಡಿದವರ ಕೆಳಬೆನ್ನನ್ನು ಸ್ಕ್ಯಾನ್ ಮಾಡಿ ನೋಡಿದಾಗ, ಜಾಸ್ತಿ ಪೆಟ್ಟು ಬೀಳುವ ಕಡೆಯೇ ಮೂಳೆ ಜಾಸ್ತಿ ಗಟ್ಟಿಯಾಗಿರುವುದು ಕಂಡಿದೆ. ಬೌಲಿಂಗೇ ಬೌಲರ್‌ನ ಮೂಳೆಯನ್ನು ಕಟ್ಟುತ್ತದೆ. ಆದರೆ ನಿಧಾನವಾಗಿ ಕಟ್ಟುತ್ತದೆ. ಹೊಸ ಭಾರ ಬಿದ್ದಾಗ ದೇಹ ಮೊದಲು ಹಳೆಯ ಮೂಳೆಯನ್ನು ಅಲ್ಲಲ್ಲಿ ಕರಗಿಸುತ್ತದೆ, ಆಮೇಲೆ ಹೊಸದನ್ನು ತುಂಬುತ್ತದೆ. ಕರಗಿಸಲು ಕೆಲವು ವಾರ ಸಾಕು, ತುಂಬಲು ತಿಂಗಳುಗಳೇ ಬೇಕು. ಬೆಂಗಳೂರಿನ ರಸ್ತೆ ಅಗೆದು ಡಾಂಬರು ಹಾಕುವ ಕೆಲಸದ ಹಾಗೆ. ಅಗೆದು ಬಿಟ್ಟ ದಿನಗಳಲ್ಲೇ ಲಾರಿ ಓಡಿಸಿದರೆ ರಸ್ತೆ ಕುಸಿಯುತ್ತದೆ.

ಆಸ್ಟ್ರೇಲಿಯಾದಲ್ಲಿ ದೊಡ್ಡವರ ಕ್ರಿಕೆಟ್‌ನಲ್ಲಿ ನಡೆದ ಅಧ್ಯಯನವೊಂದರಲ್ಲಿ ಇದರ ಸುಳಿವು ಸಿಕ್ಕಿತು. ಒಂದೇ ಪಂದ್ಯದಲ್ಲಿ 50 ಓವರ್‌ಗಿಂತ ಜಾಸ್ತಿ ಎಸೆದವರಿಗೆ ಗಾಯದ ಅಪಾಯ ಏರಿದ್ದು ಅದೇ ವಾರ ಅಲ್ಲ. ಮುಂದಿನ ಮೂರು, ನಾಲ್ಕು ವಾರಗಳ ಅವಧಿಯಲ್ಲಿ. ನೋವು ಬಂದ ದಿನ 'ನಿನ್ನೆ ಏನು ಮಾಡಿದೆ?' ಎಂದು ಕೇಳುತ್ತೇವಲ್ಲ, ಆ ಪ್ರಶ್ನೆಯೇ ತಪ್ಪು. ಹೋದ ತಿಂಗಳು ಏನು ಮಾಡಿದೆ ಎಂದು ಕೇಳಬೇಕು. ಹುಡುಗರ ಬಗ್ಗೆಯೂ ಅಲ್ಲೇ ಒಂದು ಅಧ್ಯಯನ ನಡೆಯಿತು, 2005ರಲ್ಲಿ ಪ್ರಕಟವಾಯಿತು. ಸರಾಸರಿ ಹದಿನಾಲ್ಕೂವರೆ ವರ್ಷ ದಾಟಿದ 44 ವೇಗದ ಬೌಲರ್‌ಗಳನ್ನು ಒಂದು ಸೀಸನ್ ಹಿಂಬಾಲಿಸಿದರು. ನಾಲ್ವರಲ್ಲಿ ಒಬ್ಬನಿಗೆ ಅತಿಬಳಕೆಯ ಗಾಯವಾಯಿತು. ಒಂದು ದಿನದ ಬೌಲಿಂಗ್‌ಗೂ ಮುಂದಿನದಕ್ಕೂ ಸರಾಸರಿ ಮೂರೂವರೆ ದಿನಕ್ಕಿಂತ ಕಡಿಮೆ ಅಂತರ ಇದ್ದವರಿಗೆ ಅಪಾಯ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಸಣ್ಣ ಅಧ್ಯಯನ, ಇದನ್ನೇ ವೇದವಾಕ್ಯ ಮಾಡಿಕೊಳ್ಳಬೇಕಿಲ್ಲ. ಆದರೆ ಮೂರೂವರೆ ದಿನ ಎಂಬ ಸಂಖ್ಯೆ ಮನಸ್ಸಿನಲ್ಲಿರಲಿ.

ಈಗ ನಮ್ಮ ಹುಡುಗನ ವಾರ ನೋಡೋಣ. ಸುಮ್ನೆ ಒಂದು ಲೆಕ್ಕ, ಯಾರದ್ದೋ ನಿಜವಾದ ಡೈರಿ ಅಲ್ಲ. ಮಂಗಳವಾರ, ಗುರುವಾರ ಶಾಲೆಯ ನೆಟ್ಸ್, ತಲಾ 50 ಎಸೆತ. ಶನಿವಾರ ಶಾಲೆಯ ಪಂದ್ಯ, 10 ಓವರ್. ಸೋಮ, ಬುಧ, ಶುಕ್ರ ಅಕಾಡೆಮಿ, ದಿನಕ್ಕೆ 48 ಎಸೆತ. ಭಾನುವಾರ ಕ್ಲಬ್ ಪಂದ್ಯ, 8 ಓವರ್. ಶಾಲೆಯ ಪಿ.ಟಿ. ಮೇಷ್ಟ್ರ ಪ್ರಕಾರ ಹುಡುಗ ಎಸೆದಿದ್ದು 160. ಅಕಾಡೆಮಿ ಕೋಚ್ ಪ್ರಕಾರ 144. ಕ್ಲಬ್ ಕ್ಯಾಪ್ಟನ್ ಪ್ರಕಾರ 48. ಮೂವರೂ 'ನಾನು ಜಾಸ್ತಿ ಹಾಕಿಸಿಲ್ಲ' ಎನ್ನುತ್ತಾರೆ, ಮೂವರೂ ಸತ್ಯವೇ ಹೇಳುತ್ತಿದ್ದಾರೆ. ಒಟ್ಟು 352. ವಿಶ್ರಾಂತಿಯ ದಿನ ಸೊನ್ನೆ. ಪಂದ್ಯಕ್ಕೆ ಮುಂಚೆ ಬೌಂಡರಿ ಹತ್ತಿರ ಹಾಕುವ ಎಸೆತಗಳು, ಸಂಜೆ ಬಡಾವಣೆಯ ಖಾಲಿ ಸೈಟಿನಲ್ಲಿ ಟೆನಿಸ್ ಬಾಲ್ ಮ್ಯಾಚ್, ಇವು ಯಾರ ಲೆಕ್ಕಕ್ಕೂ ಇಲ್ಲ. ಹುಡುಗರು ಜಾಸ್ತಿ ಎಸೆಯುತ್ತಾರೆ ಎಂಬುದು ಅರ್ಧ ಮಾತು. ಎಷ್ಟು ಎಸೆಯುತ್ತಾರೆ ಎಂದು ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ. ನನ್ನ ಪ್ರಕಾರ ಇಡೀ ಸಮಸ್ಯೆಯ ಬೇರು ಇಲ್ಲಿದೆ.

ನಮ್ಮ ಕ್ಯಾಲೆಂಡರ್ ಇದಕ್ಕಿಂತ ದೊಡ್ಡ ಕಿತಾಪತಿ ಮಾಡುತ್ತದೆ. ಜನವರಿ, ಫೆಬ್ರುವರಿ ಬಂದರೆ ಪ್ರಿಪರೇಟರಿ ಪರೀಕ್ಷೆ, ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ. ಬ್ಯಾಟು, ಚೆಂಡು ಅಟ್ಟಕ್ಕೆ. ಎಂಟು, ಹತ್ತು ವಾರ ಹುಡುಗ ಒಂದು ಎಸೆತವನ್ನೂ ಹಾಕುವುದಿಲ್ಲ. ಪರೀಕ್ಷೆ ಮುಗಿದ ವಾರವೇ ಸಮ್ಮರ್ ಕ್ಯಾಂಪ್. ಬೆಳಗ್ಗೆ, ಸಂಜೆ ಎರಡು ಹೊತ್ತು, ವಾರಕ್ಕೆ ಆರು ದಿನ. ಫೀಸು ಕಟ್ಟಿದ ಮೇಲೆ ಒಂದು ದಿನವೂ ತಪ್ಪಬಾರದು ಎಂಬ ಲೆಕ್ಕ ಅಪ್ಪನದು. ಸೊನ್ನೆಯಿಂದ ಮುನ್ನೂರಕ್ಕೆ ಒಂದೇ ನೆಗೆತ. ಮೂರು, ನಾಲ್ಕು ವಾರ ಕಳೆದು, ಕ್ಯಾಂಪ್ ಮುಗಿಯುವ ಹೊತ್ತಿಗೆ ಬೆನ್ನುನೋವು. 'ಕ್ಯಾಂಪಲ್ಲಿ ಏನೋ ಉಳುಕಿದೆ' ಎನ್ನುತ್ತೇವೆ. ಉಳುಕಲ್ಲ ಅದು. ಮಳೆಗಾಲ ಕಳೆದು ಸೀಸನ್ ಶುರುವಾದಾಗ ಇದೇ ಕಥೆ ಸಣ್ಣದಾಗಿ ಮತ್ತೊಮ್ಮೆ ನಡೆಯುತ್ತದೆ. ಮ್ಯಾಟ್ ಹಾಸಿದ ಸಿಮೆಂಟ್ ಪಿಚ್ ಆದರೆ ಕಾಲಿಗೆ ಬೀಳುವ ಪೆಟ್ಟೂ ಗಟ್ಟಿ.

ಪರಿಹಾರ ಕಷ್ಟದ್ದೇನಲ್ಲ. ಪರೀಕ್ಷೆಯ ತಿಂಗಳಲ್ಲೂ ವಾರಕ್ಕೆ ಎರಡು ಸಲ, 20, 24 ಎಸೆತ ಹಾಕಲಿ. ಅರ್ಧ ಗಂಟೆಯ ಕೆಲಸ, ಓದಿಗೂ ಒಳ್ಳೆಯದೇ. ಕ್ಯಾಂಪಿಗೆ ಹೋದಾಗ ಮೊದಲ ವಾರದಿಂದ ಕೊನೆಯ ವಾರಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಲಿ. ಬ್ಯಾಟಿಂಗ್, ಫೀಲ್ಡಿಂಗ್ ಮಾಡುವ ದಿನ ಬೌಲಿಂಗ್ ಬೇಡ. ಈ ವಾರದ ಭಾರವನ್ನು ಕಳೆದ ನಾಲ್ಕು ವಾರದ ಸರಾಸರಿಯಿಂದ ಭಾಗಿಸಿ ಅಪಾಯ ಅಳೆಯುವ ಸೂತ್ರವೊಂದು ಹತ್ತು ವರ್ಷದ ಹಿಂದೆ ಬಹಳ ಜನಪ್ರಿಯವಾಯಿತು. ಈಚೆಗೆ ಅದರ ಗಣಿತದ ಬಗ್ಗೆ ತಜ್ಞರಲ್ಲೇ ತಕರಾರಿದೆ. ಇಂಥ ಸಂಖ್ಯೆ ದಾಟಿದರೆ ಬಿರುಕು ಗ್ಯಾರಂಟಿ ಎಂಬಂಥ ಮಾಂತ್ರಿಕ ಗೆರೆ ಇಲ್ಲ. ಆದರೆ ಭಾರ ದಿಢೀರ್ ಏರಿಸಬಾರದು ಎಂಬುದರಲ್ಲಿ ತಕರಾರು ಮಾಡುವವರು ಸಿಗುವುದು ಕಷ್ಟ.

ಬೇರೆ ಕಡೆ ಇದಕ್ಕೆ ನಿಯಮಗಳಿವೆ. ಇಂಗ್ಲೆಂಡಿನಲ್ಲಿ ಬಹಳ ಕಾಲ ಪಾಲಿಸಿಕೊಂಡು ಬಂದ ಪಟ್ಟಿಯಲ್ಲಿ 13ರೊಳಗಿನ ವೇಗದ ಬೌಲರ್‌ಗೆ ಒಂದು ಸ್ಪೆಲ್‌ಗೆ, ಅಂದರೆ ಒಂದೇ ಸರದಿಗೆ, 5 ಓವರ್, ದಿನಕ್ಕೆ 10. 15ರೊಳಗೆ 6 ಮತ್ತು 12. ಅದರ ಮೇಲೆ 19ರವರೆಗೆ 7 ಮತ್ತು 18. ಅಮೆರಿಕದ ಬೇಸ್‌ಬಾಲ್‌ನವರು 2014ರಲ್ಲಿ 'ಪಿಚ್ ಸ್ಮಾರ್ಟ್' ಎಂಬ ಸೂಚನೆ ತಂದರು. 11, 12 ವರ್ಷದವನಿಗೆ ದಿನಕ್ಕೆ 85 ಎಸೆತದ ಮಿತಿ, ಜಾಸ್ತಿ ಎಸೆದಷ್ಟೂ ಜಾಸ್ತಿ ದಿನ ಕಡ್ಡಾಯ ರಜೆ. ನನಗೆ ಇದರಲ್ಲಿ ಇಷ್ಟವಾದದ್ದು ಮಿತಿಗಿಂತ ರಜೆಯ ಭಾಗ. ಇಂಥ ಯಾವ ನಿಯಮಕ್ಕೂ ಒಂದು ಮಿತಿ ಇದೆ. ಅಂಪೈರ್ ಪಂದ್ಯದ ಓವರ್ ಎಣಿಸಬಲ್ಲ. ಸೋಮವಾರದ ನೆಟ್ಸ್ ಅವನಿಗೆ ಕಾಣುವುದಿಲ್ಲ.

ಆಯ್ಕೆಯ ವಿಷಯಕ್ಕೆ ಬರೋಣ. ಬಿಟಿಆರ್ ಶೀಲ್ಡ್‌ನಂಥ 14ರೊಳಗಿನ ಶಾಲಾ ಟೂರ್ನಿ ನೋಡಿದವರಿಗೆ ಗೊತ್ತು. ಒಂದೇ ತಂಡದಲ್ಲಿ ಮೀಸೆ ಚಿಗುರಿದವನೂ ಇರುತ್ತಾನೆ, ದನಿ ಒಡೆಯದವನೂ ಇರುತ್ತಾನೆ. ಹುಟ್ಟಿದ ದಿನಾಂಕ ಹತ್ತಿರ ಇದ್ದರೂ ದೇಹದ ವಯಸ್ಸಿನಲ್ಲಿ ನಾಲ್ಕೈದು ವರ್ಷದ ವ್ಯತ್ಯಾಸ ಇರಬಹುದು. ಬಿಸಿಸಿಐ ವಯೋಮಿತಿಗೆ ಸೆಪ್ಟೆಂಬರ್ 1 ಗಡಿ. ಸೆಪ್ಟೆಂಬರ್‌ನಲ್ಲಿ ಹುಟ್ಟಿದವನಿಗೂ ಮುಂದಿನ ಆಗಸ್ಟ್‌ನಲ್ಲಿ ಹುಟ್ಟಿದವನಿಗೂ ಹನ್ನೊಂದು ತಿಂಗಳ ಅಂತರ, ಸ್ಪರ್ಧೆ ಮಾತ್ರ ಒಂದೇ. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಆಯ್ಕೆಯಲ್ಲಿ ಹೆಚ್ಚು ಕಾಣುವುದನ್ನು ಕೆನಡಾದ ಐಸ್ ಹಾಕಿಯಲ್ಲಿ 1980ರ ದಶಕದಲ್ಲೇ ಗುರುತಿಸಿದ್ದರು. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆ ವೇಗದ ಬೌಲಿಂಗ್ ಮಟ್ಟಿಗೆ ಅಷ್ಟು ನಂಬಿಕಸ್ಥ ಅಲ್ಲ. ಬೇಗ ಬೆಳೆದವನು ಹದಿನಾಲ್ಕಕ್ಕೆ ತಂಡದ ಮುಖ್ಯ ಅಸ್ತ್ರವಾಗುತ್ತಾನೆ. ಕ್ಯಾಪ್ಟನ್‌ಗೆ ವಿಕೆಟ್ ಬೇಕಾದಾಗಲೆಲ್ಲ ಅವನ ಕೈಗೇ ಚೆಂಡು. ತಡವಾಗಿ ಬೆಳೆಯುವವನು ಬೆಂಚಿನ ಮೇಲೆ ಕೂತು ಆಟವನ್ನೇ ಬಿಡುತ್ತಾನೆ. ಒಬ್ಬನಿಗೆ ಅತಿ ಭಾರ, ಇನ್ನೊಬ್ಬನಿಗೆ ಭಾರವೇ ಇಲ್ಲ.

ನನಗೆ ಅರ್ಥವಾಗದ ಒಂದು ಸಂಗತಿ ಇದೆ. ವಯಸ್ಸಿನ ಮೋಸ ಹಿಡಿಯಲು ಬಿಸಿಸಿಐ ಹಲವು ವರ್ಷಗಳಿಂದ ಟಿಡಬ್ಲ್ಯೂ3 ಪರೀಕ್ಷೆ ಮಾಡಿಸುತ್ತಿದೆ. ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ಹೇಳುವ ವಿಧಾನ ಅದು. ಅಂದರೆ ಯಾವ ಹುಡುಗ ಬೆಳವಣಿಗೆಯ ಯಾವ ಹಂತದಲ್ಲಿದ್ದಾನೆ ಎಂಬ ಮಾಹಿತಿ ಆಗಲೇ ಕೈಯಲ್ಲಿದೆ. ಅದನ್ನು ಒಳಗೋ ಹೊರಗೋ ಎಂದು ನಿರ್ಧರಿಸಲಷ್ಟೇ ಏಕೆ ಬಳಸಬೇಕು? ಈ ಹುಡುಗ ಈಗ ಏರುಬೆಳವಣಿಗೆಯಲ್ಲಿದ್ದಾನೆ, ಆರು ತಿಂಗಳು ಸ್ಪೆಲ್ ಚಿಕ್ಕದಿರಲಿ ಎಂದು ಕೋಚ್‌ಗೆ ಒಂದು ಸಾಲು ಬರೆದು ಕಳಿಸಬಹುದಲ್ವಾ? ದೇವನಹಳ್ಳಿ ಕಡೆಯ ವಿಮಾನ ನಿಲ್ದಾಣದ ಹತ್ತಿರ ಬಿಸಿಸಿಐನ ದೊಡ್ಡ ಸೆಂಟರ್ ಆಫ್ ಎಕ್ಸಲೆನ್ಸ್ 2024ರಲ್ಲಿ ಉದ್ಘಾಟನೆ ಆಯಿತು. ಗಾಯಗೊಂಡ ದೊಡ್ಡ ಬೌಲರ್‌ಗಳು ಅಲ್ಲಿಗೆ ಬರುತ್ತಾರೆ. ಆ ಜ್ಞಾನದ ಒಂದು ಪುಟ ರಾಯಚೂರು, ತುಮಕೂರು ವಲಯದ ಕೋಚ್‌ಗಳ ಕೈಗೆ ಬಂದರೂ ಸಾಕು.

ಜಿಮ್ ಬಗ್ಗೆ ಎರಡು ಮಾತು. ಹದಿನಾಲ್ಕಕ್ಕೆ ವೇಟ್ ಎತ್ತಿದರೆ ಎತ್ತರ ನಿಲ್ಲುತ್ತದೆ ಎಂಬುದು ಸುಳ್ಳು. ಸರಿಯಾಗಿ ಹೇಳಿಕೊಡುವವರು ಪಕ್ಕದಲ್ಲಿದ್ದರೆ ಅದು ಗಾಯವನ್ನು ತಡೆಯುತ್ತದೆ. ಬೌಲರ್‌ಗೆ ಬೇಕಾದ್ದು ಬೈಸೆಪ್ಸ್ ಅಲ್ಲ. ಪೃಷ್ಠ, ತೊಡೆ, ಮೀನಖಂಡ, ಹೊಟ್ಟೆ ಸುತ್ತಲಿನ ಸ್ನಾಯುಗಳು ಬೇಕು. 2025ರಲ್ಲಿ ಭಾರತ ತಂಡಕ್ಕೆ ಬ್ರಾಂಕೊ ಟೆಸ್ಟ್ ಬಂತು. 20, 40, 60 ಮೀಟರ್ ಓಡಿ ವಾಪಸ್ ಬರುವ ಸುತ್ತನ್ನು ಐದು ಸಲ ನಿಲ್ಲದೆ ಮಾಡಬೇಕು, ಒಟ್ಟು 1200 ಮೀಟರ್. ತಕ್ಷಣ ಯೂಟ್ಯೂಬ್ ನೋಡಿ ಹನ್ನೆರಡರ ಮಕ್ಕಳಿಗೂ ಅದನ್ನು ಮಾಡಿಸುವ ಉತ್ಸಾಹಿಗಳು ಹುಟ್ಟಿಕೊಳ್ಳುತ್ತಾರೆ. ಬೇಡ. ಆ ವಯಸ್ಸಿಗೆ ಕಬಡ್ಡಿ, ಖೋ ಖೋ, ಫುಟ್‌ಬಾಲ್, ಈಜು ಕಲಿಸುವುದನ್ನು ಯಾವ ಟೆಸ್ಟೂ ಕಲಿಸಲಾರದು.

ಊಟ, ನಿದ್ದೆಯದು ಇನ್ನೊಂದು ಗುಟ್ಟಾದ ಭಾರ. ಬೆಳಗಿನ ಜಾವ ಐದೂವರೆಗೆ ಬರೀ ಒಂದು ಲೋಟ ಹಾಲು ಕುಡಿದು ನೆಟ್ಸ್‌ಗೆ ಹೋದ ಹುಡುಗ, ಶಾಲೆ ಮುಗಿಸಿ, ಸಂಜೆ ಮತ್ತೆ ಆಡಿ, ಟ್ಯೂಷನ್‌ನಿಂದ ಬರುವಾಗ ರಾತ್ರಿ ಒಂಬತ್ತು. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಇವನಿಗೆ ಆರು ಸಿಕ್ಕರೆ ಹೆಚ್ಚು. ಖರ್ಚು ಮಾಡಿದಷ್ಟು ತಿನ್ನದಿದ್ದರೆ ದೇಹ ಉಳಿತಾಯ ಮಾಡುವುದು ಮೂಳೆಯಿಂದಲೇ. ದುಬಾರಿ ಪ್ರೋಟೀನ್ ಡಬ್ಬಕ್ಕೆ ಮುಂಚೆ ಮನೆಯ ರಾಗಿ ಮುದ್ದೆ, ಮೊಸರು, ಕಾಳು, ಮೊಟ್ಟೆ ನೆನಪಾಗಲಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ದಿನಕ್ಕೆ ಬೇಕಾದ್ದು 1000ದ ಆಸುಪಾಸು.

ನೋವಿನ ಲಕ್ಷಣ ಮಾತ್ರ ಎಲ್ಲ ಅಪ್ಪ ಅಮ್ಮಂದಿರಿಗೂ ಗೊತ್ತಿರಬೇಕು. ಹದಿಹರೆಯದ ವೇಗದ ಬೌಲರ್‌ಗೆ ಕೆಳಬೆನ್ನಿನ ಒಂದೇ ಪಕ್ಕ ನೋವು, ಹಿಂದಕ್ಕೆ ಬಾಗಿದರೆ ಜಾಸ್ತಿ, ಬೌಲಿಂಗ್ ಮಾಡುವಾಗ ಚುಚ್ಚುತ್ತದೆ, ಬಿಟ್ಟರೆ ಕಡಿಮೆ ಎಂದರೆ ಅದು ಬಿರುಕಲ್ಲ ಎಂದು ಗೊತ್ತಾಗುವವರೆಗೆ ಬಿರುಕೇ ಎಂದುಕೊಳ್ಳಿ. ಮುಲಾಮು ಹಚ್ಚಿ, ನೋವಿನ ಮಾತ್ರೆ ನುಂಗಿಸಿ ಪಂದ್ಯಕ್ಕೆ ಕಳಿಸಬೇಡಿ. ಮಾಮೂಲಿ ಎಕ್ಸ್‌ರೇಯಲ್ಲಿ ಶುರುವಿನ ಹಂತ ಎಷ್ಟೋ ಸಲ ಕಾಣುವುದಿಲ್ಲ, ಎಂಆರ್‌ಐ ಬೇಕಾಗುತ್ತದೆ. ಬೇಗ ಗೊತ್ತಾದರೆ ಕೆಲವು ತಿಂಗಳ ವಿಶ್ರಾಂತಿಯಲ್ಲಿ ಹೆಚ್ಚಿನವರಿಗೆ ಕೂಡಿಕೊಳ್ಳುತ್ತದೆ. ತಡವಾದರೆ ಒಂದಿಡೀ ಸೀಸನ್, ಕೆಲವೊಮ್ಮೆ ಆಟವೇ ಹೋಗುತ್ತದೆ.

ಹುಡುಗ ಬೇಗ ಹೇಳುತ್ತಾನಾ? ಅದೇ ಕಷ್ಟ. ಮುಂದಿನ ವಾರ ಸೆಲೆಕ್ಷನ್ ಟ್ರಯಲ್ಸ್ ಇದ್ದರೆ ಯಾವ ಹುಡುಗ ತಾನೇ 'ಸಾರ್, ಬೆನ್ನು ನೋಯ್ತಿದೆ' ಎನ್ನುತ್ತಾನೆ? ಹೇಳಿದವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಕೋಚ್‌ಗೂ ಟೂರ್ನಿ ಗೆದ್ದರೇ ಮುಂದಿನ ವರ್ಷ ಅಡ್ಮಿಷನ್. ಅಪ್ಪ ಸಾಲ ಮಾಡಿ ಕಿಟ್ ಕೊಡಿಸಿದ್ದಾರೆ. ಎಲ್ಲರಿಗೂ ಒಳ್ಳೆಯ ಕಾರಣಗಳಿವೆ, ಭಾರ ಮಾತ್ರ ಒಬ್ಬನ ಬೆನ್ನಿಗೆ. ಹಾಗಾಗಿ ಬರೀ ಬುದ್ಧಿವಾದದಿಂದ ಇದು ಸರಿಹೋಗುವುದಿಲ್ಲ. ನೋವು ಹೇಳಿದ ಹುಡುಗನಿಗೆ ಮುಂದಿನ ಆಯ್ಕೆಯಲ್ಲಿ ಇನ್ನೊಂದು ಅವಕಾಶ ಇದೆ ಎಂದು ಸಂಸ್ಥೆಗಳು ಬರೆದು ಕೊಡಬೇಕು.

ಅಲ್ಲಿಯವರೆಗೆ ಲೆಕ್ಕದ ಪುಸ್ತಕ ಹುಡುಗನ ಕಿಟ್ ಬ್ಯಾಗಿನಲ್ಲೇ ಇರಲಿ. ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಸಾಕು. ದಿನಾಂಕ, ಎಲ್ಲಿ ಎಸೆದ, ಎಷ್ಟು ಎಸೆತ, ನೋವು ಇತ್ತೋ ಇಲ್ಲವೋ, ಅಷ್ಟೇ. ಮೂರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಎತ್ತರ ಅಳೆದು ಅದರಲ್ಲೇ ಬರೆಯಿರಿ. ಮೂರು ತಿಂಗಳಲ್ಲಿ ಎರಡು ಸೆಂಟಿಮೀಟರ್ ದಾಟಿದರೆ ಎಚ್ಚರ. ಪುಸ್ತಕ ಶಾಲೆಗೂ ಹೋಗಲಿ, ಅಕಾಡೆಮಿಗೂ ಹೋಗಲಿ, ಕ್ಲಬ್‌ಗೂ ಹೋಗಲಿ. 'ಸರ್, ಈ ವಾರ ಆಗಲೇ 200 ಆಗಿದೆ' ಎಂದು ತೋರಿಸಿದರೆ ಇಲ್ಲ ಎನ್ನುವ ಕೋಚ್ ಬಹಳ ಕಡಿಮೆ. ಮೂವರು ಕೋಚ್‌ಗಳೂ ಒಂದೇ ಪುಟ ನೋಡುವುದು ಬಹುಶಃ ಅದೇ ಮೊದಲ ಸಲವಾಗಿರುತ್ತದೆ.

ಈ ಲೇಖನದುದ್ದಕ್ಕೂ ಹುಡುಗ, ಹುಡುಗ ಎಂದೇ ಬರೆದೆ. ಈ ವಿಷಯದ ಅಧ್ಯಯನಗಳಲ್ಲಿ ಹೆಚ್ಚಿನವು ಹುಡುಗರ ಮೇಲೇ ನಡೆದಿವೆ. ಆದರೆ 2023ರಲ್ಲಿ ಮಹಿಳೆಯರ ಟಿ20 ಲೀಗ್ ಡಬ್ಲ್ಯೂಪಿಎಲ್ ಶುರುವಾಯಿತು, 2025ರ ನವೆಂಬರ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ಏಕದಿನ ವಿಶ್ವಕಪ್ ಗೆದ್ದರು. ಈಗ ಅಕಾಡೆಮಿಗಳಿಗೆ ಹತ್ತು ವರ್ಷದ ಹುಡುಗಿಯರು ಬರುತ್ತಿದ್ದಾರೆ. ಅವರ ಏರುಬೆಳವಣಿಗೆ ಹುಡುಗರಿಗಿಂತ ಸುಮಾರು ಎರಡು ವರ್ಷ ಮುಂಚೆ, ಹನ್ನೆರಡರ ಹೊತ್ತಿಗೇ ಬರುತ್ತದೆ. ಅವರ ನೋಟ್‌ಬುಕ್ ಹದಿಮೂರಕ್ಕೆ ಕೊಂಡರೆ ತಡವಾಗುತ್ತದೆ, ಹತ್ತಕ್ಕೇ ಕೊಳ್ಳಬೇಕು. ಅದರಲ್ಲಿ ಮುಟ್ಟಿನ ದಿನಾಂಕಕ್ಕೂ ಒಂದು ಕಾಲಂ ಇರಲಿ. ತಿಂಗಳುಗಟ್ಟಲೆ ಮುಟ್ಟು ನಿಂತರೆ ಅದು ತಿನ್ನುವುದು ಸಾಲುತ್ತಿಲ್ಲ, ಮೂಳೆ ಸೊರಗುತ್ತಿದೆ ಎಂಬುದರ ಸೂಚನೆ ಇರಬಹುದು. ಆ ಕಾಲಂ ತುಂಬಲು ಹುಡುಗಿಗೆ ಸಂಕೋಚ ಆಗದಂಥ ಒಬ್ಬ ಮಹಿಳಾ ಕೋಚ್ ಅಥವಾ ಟ್ರೈನರ್ ಅಕಾಡೆಮಿಯಲ್ಲಿ ಇದ್ದಾರಾ ಎಂದು ಫೀಸು ಕಟ್ಟುವ ಮುಂಚೆ ಕೇಳಿ.